ಕೂಸಿನ ಎದೆಯ ಕೆಲಸಕ್ಕೆ ವಾಯಿದೆ ಕೇಳಬೇಡಿ

ಅಮ್ಮಸಂದ್ರ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ನಮಗೆ ಕಾಯುವುದು ಚೆನ್ನಾಗಿ ಗೊತ್ತು. ಕೆಡವಿದ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಟ್ಟರೆ ಒಳಗಿನ ನೀರು ಇಂಗಿ ಗಿಟುಕು ಕೊಬ್ಬರಿಯಾಗುತ್ತದೆ. ಆತುರಪಟ್ಟವನಿಗೇ ನಷ್ಟ. ಆದರೆ ಆ ಕಾಯುವ ಬುದ್ಧಿಯನ್ನು ಹುಟ್ಟುತ್ತಲೇ ಹೃದಯದ ತೊಂದರೆ ಹೊತ್ತುಬಂದ ಕೂಸಿನ ವಿಷಯಕ್ಕೆ ತರಬೇಡಿ. ಅಲ್ಲಿ ಕಾದಷ್ಟೂ ಒಳಗೆ ಕೆಡುತ್ತಾ ಹೋಗುತ್ತದೆ. ‘ಸ್ವಲ್ಪ ದೊಡ್ಡದಾಗಲಿ, ಮೈ ತುಂಬಿಕೊಳ್ಳಲಿ, ಆಮೇಲೆ ಆಪರೇಷನ್ ಮಾಡಿಸೋಣ’ ಅನ್ನುವ ಮಾತನ್ನು ನಮ್ಮ ಕಡೆ ಎಷ್ಟೋ ಮನೆಗಳ ಜಗಲಿಯ ಮೇಲೆ ಕೇಳಿದ್ದೇನೆ. ಆ ಮಾತು ಪ್ರೀತಿಯಿಂದಲೇ ಬರುತ್ತದೆ, ಒಪ್ಪುತ್ತೇನೆ. ಆದರೂ ನಿಮ್ಮನ್ನು ಸ್ವಲ್ಪ ಗದರಲೇಬೇಕು.

ಇದು ಎಲ್ಲೋ ಲಕ್ಷಕ್ಕೊಂದು ಕಾಣುವ ಕಾಯಿಲೆಯಲ್ಲ. ಹುಟ್ಟುವ ಸಾವಿರ ಕೂಸುಗಳಲ್ಲಿ ಹೆಚ್ಚು ಕಡಿಮೆ 8ರಿಂದ 10 ಕೂಸುಗಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಕೆಲವಕ್ಕೆ ಸಣ್ಣ ತೂತು, ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲವಕ್ಕೆ ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ಪುಟ್ಟ ಮುಚ್ಚಳ ಕಳಿಸಿ ಮುಚ್ಚುತ್ತಾರೆ. ಉಳಿದವು ತೊಡಕಿನವು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲು ಬದಲಾಗಿರುತ್ತವೆ, ಅಥವಾ ಎರಡು ಪಂಪು ಇರಬೇಕಾದ ಕಡೆ ಒಂದೇ ಬೆಳೆದಿರುತ್ತದೆ, ಇಲ್ಲವೇ ಒಂದೇ ಹೃದಯದಲ್ಲಿ ನಾಲ್ಕು ದೋಷ ಕೂಡಿರುತ್ತವೆ. ಈ ನಾಲ್ಕರದ್ದಕ್ಕೆ ಡಾಕ್ಟರು ಟೆಟ್ರಾಲಜಿ ಆಫ್ ಫ್ಯಾಲೋ ಅನ್ನುತ್ತಾರೆ. ನಾನು ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಈ ತೊಡಕಿನ ಕೂಸುಗಳಿಗಾಗಿ.

ಮೊದಲು ಒಂದು ಜಗಳ ತೀರಿಸಿಬಿಡೋಣ. ಇಂಥ ಕೂಸು ಹುಟ್ಟಿದ ದಿನವೇ ಬಾಣಂತಿಯ ಮೇಲೆ ಗೂಬೆ ಕೂರಿಸುವವರಿದ್ದಾರೆ. ಗ್ರಹಣದ ಹೊತ್ತಲ್ಲಿ ಹೊರಗೆ ಬಂದಳು, ಪಪ್ಪಾಯ ತಿಂದಳು, ಭಾರ ಎತ್ತಿದಳು, ಅವಳ ಕಾಲ್ಗುಣ. ನಿಲ್ಲಿಸಿ ಇದನ್ನು. ಬಸುರಿನ ಮೊದಲ ಎಂಟು ವಾರದಲ್ಲೇ ಕೂಸಿನ ಹೃದಯ ರೂಪುಗೊಂಡು ಮುಗಿದಿರುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಆಗಿನ್ನೂ ತಾವು ಬಸುರಿ ಅನ್ನುವುದೇ ಗಟ್ಟಿಯಾಗಿರುವುದಿಲ್ಲ. ಬಹುಪಾಲು ಕೂಸುಗಳಲ್ಲಿ ಇಂಥದ್ದೇ ಕಾರಣ ಎಂದು ತೋರಿಸಲು ಡಾಕ್ಟರಿಗೂ ಬರುವುದಿಲ್ಲ. ಗೊತ್ತಿರುವ ಕಾರಣಗಳು ಬೇರೆಯೇ ಇವೆ. ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಬಸುರಿನ ಶುರುವಿನಲ್ಲಿ ಬಂದ ರುಬೆಲ್ಲಾ, ಮೂರ್ಛೆ ರೋಗಕ್ಕೆ ಕೊಡುವ ಕೆಲವು ಮಾತ್ರೆ, ವಂಶವಾಹಿಯ ದೋಷ. ಜೊತೆಗೆ ನಮ್ಮಲ್ಲಿ ಹೇಳಿದರೆ ಮುಖ ತಿರುಗಿಸುವ ಒಂದು ಕಾರಣವೂ ಇದೆ, ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ತರುವ ಮದುವೆ. ಮೈಸೂರಿನ ಸಂಶೋಧಕರೇ ರಕ್ತಸಂಬಂಧದ ಮದುವೆಗೂ ಮಕ್ಕಳ ಹೃದಯದ ದೋಷಕ್ಕೂ ನಂಟು ಇರುವುದನ್ನು ತೋರಿಸಿದ್ದಾರೆ. ತೋಟ ಹೊರಗೆ ಹೋಗಬಾರದು ಅಂತ ಮಾಡುವ ಸಂಬಂಧ ಅದು, ನನಗೂ ಗೊತ್ತು. ಆಗಿಹೋದ ಮದುವೆಗೆ ಯಾರೂ ಕೊರಗಬೇಡಿ, ಮುಂದೆ ಆಗುವುದಕ್ಕೆ ಯೋಚಿಸಿ. ರುಬೆಲ್ಲಾ ತಡೆಯುವ ಚುಚ್ಚುಮದ್ದನ್ನು 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಅಭಿಯಾನ ಮಾಡಿ ಹಾಕಿದರು. ಆಗ ವಾಟ್ಸಾಪಿನ ಸುಳ್ಳು ನಂಬಿ ಮಗಳನ್ನು ಆ ದಿನ ಮನೆಯಲ್ಲೇ ಉಳಿಸಿಕೊಂಡವರಿದ್ದಾರೆ. ಹಾಗೆ ತಪ್ಪಿಹೋಗಿದ್ದರೆ ಅವಳ ಮದುವೆಗೆ ಮುಂಚೆ ಡಾಕ್ಟರನ್ನು ಕೇಳಿ.

ಬಸುರಿಯರಿಗೆ ಒಂದು ಮಾತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುತ್ತಾರೆ. ಕುಲಾವಿ ಬೇಡ, ಆದರೆ 18ರಿಂದ 22 ವಾರದ ಒಳಗಿನ ಸ್ಕ್ಯಾನಿಂಗ್ ಬಿಡಬೇಡಿ. ಆ ಸ್ಕ್ಯಾನಿಂಗ್‌ನಲ್ಲಿ ಹೃದಯದ ನಾಲ್ಕು ಕೋಣೆ, ಹೊರಡುವ ರಕ್ತನಾಳ ಸರಿಯಾಗಿ ಕಂಡವೇ ಎಂದು ಬಾಯಿಬಿಟ್ಟು ಕೇಳಿ. ಅನುಮಾನ ಬಂದರೆ ಹೊಟ್ಟೆಯೊಳಗಿನ ಕೂಸಿನ ಹೃದಯಕ್ಕೇ ಎಕೋ ಎಂಬ ಸ್ಕ್ಯಾನಿಂಗ್ ಮಾಡುತ್ತಾರೆ. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ, ಹಿಂದಿನ ಮಗುವಿಗೆ ಅಥವಾ ನಿಮಗೇ ಹೃದಯದ ದೋಷ ಇದ್ದಿದ್ದರೆ ಈ ಎಕೋ ಮಾಡಿಸಲೇಬೇಕು. ಮೊದಲೇ ತಿಳಿದರೆ ಹೆರಿಗೆಯನ್ನೇ ಬೆಂಗಳೂರಿನಲ್ಲಿ, ಮಕ್ಕಳ ಹೃದಯದ ಡಾಕ್ಟರು ಹತ್ತಿರವಿರುವ ಕಡೆ ಮಾಡಿಸಿಕೊಳ್ಳಬಹುದು. ತವರುಮನೆಯಲ್ಲೇ ಚೊಚ್ಚಲ ಹೆರಿಗೆ ಆಗಬೇಕು ಎಂಬ ಹಟವನ್ನು ಅಮ್ಮಂದಿರು ಆಗ ಬಿಡಿ. ಬಾಣಂತನಕ್ಕೆ ಬೇಕಾದರೆ ಕರೆತನ್ನಿ.

ಹುಟ್ಟಿದ ಮೇಲಿನ ಮೊದಲ ವಾರ ಬಹಳ ಮೋಸದ್ದು. ಹೊಟ್ಟೆಯಲ್ಲಿದ್ದಾಗ ಕೂಸಿನ ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಒಳದಾರಿ ಇರುತ್ತದೆ. ಹುಟ್ಟಿದ ಕೆಲವೇ ದಿನದಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಕೆಲವು ತೊಡಕಿನ ದೋಷಗಳಲ್ಲಿ ಕೂಸು ಉಸಿರು ಹಿಡಿದು ನಿಂತಿರುವುದೇ ಆ ಒಳದಾರಿಯಿಂದ. ಹಾಗಾಗಿ ಮೊದಲ ದಿನ ಅತ್ತು, ಹಾಲು ಕುಡಿದು, ಕೆಂಪಗೆ ಇದ್ದ ಕೂಸು ಮೂರನೆಯ ದಿನವೋ ಐದನೆಯ ದಿನವೋ ಇದ್ದಕ್ಕಿದ್ದಂತೆ ನೀಲಿಯಾಗುತ್ತದೆ, ಇಲ್ಲವೇ ಬೂದಿ ಬಣ್ಣಕ್ಕೆ ತಿರುಗಿ ಕೈಕಾಲು ತಣ್ಣಗಾಗುತ್ತದೆ. ಆಸ್ಪತ್ರೆಯಲ್ಲಿದ್ದರೆ ಆ ದಾರಿ ತೆರೆದೇ ಇರುವಂತೆ ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧಿಯನ್ನು ಡ್ರಿಪ್ಪಿನಲ್ಲಿ ಕೊಟ್ಟು, ಆಪರೇಷನ್ನಿನವರೆಗೆ ಜೀವ ಹಿಡಿಯುತ್ತಾರೆ. ಮನೆಯಲ್ಲಿದ್ದರೆ ಏನು ಮಾಡುತ್ತೀರಿ? ‘ಬಾಣಂತಿಗೆ ಆಸ್ಪತ್ರೆ ಊಟ ಒಗ್ಗುತ್ತಿಲ್ಲ’ ಅಂತ ಮಾರನೇ ದಿನವೇ ಡಿಸ್ಚಾರ್ಜ್ ಕೇಳುವ ಮನೆಯವರೇ, ಇಷ್ಟು ತಿಳಿದುಕೊಳ್ಳಿ. ಕೂಸಿಗೆ 24 ಗಂಟೆ ತುಂಬಿದ ಮೇಲೆ ಬಲಗೈಗೂ ಕಾಲಿಗೂ ಬೆಳಕಿನ ಕ್ಲಿಪ್ಪು ಹಾಕಿ ಆಮ್ಲಜನಕ ಎಷ್ಟಿದೆ ಅಂತ ನೋಡುತ್ತಾರೆ. ನೋವಿಲ್ಲ, ಸೂಜಿಯಿಲ್ಲ, ಎರಡು ನಿಮಿಷದ ಕೆಲಸ. ನೋಡದಿದ್ದರೆ ನೀವೇ ಕೇಳಿ ಮಾಡಿಸಿಕೊಂಡು ಹೊರಡಿ. ಕೊರೊನಾ ಕಾಲದಲ್ಲಿ ನಮ್ಮ ಬೆರಳಿಗೆಲ್ಲ ಹಾಕಿ ನೋಡಿಕೊಂಡೆವಲ್ಲ, ಅಂಥದ್ದೇ.

ಮನೆಗೆ ಬಂದ ಮೇಲೆ ಕಣ್ಣಿಟ್ಟಿರಬೇಕಾದವರು ತಾಯಿ ಮತ್ತು ಅಜ್ಜಿ. ಕೂಸು ಮೊಲೆ ಕಚ್ಚಿ ನಾಲ್ಕು ಗುಟುಕು ಕುಡಿದು ಏದುಸಿರು ಬಿಟ್ಟು ನಿಲ್ಲುತ್ತದೆಯೇ? ಕುಡಿಯುವಾಗ ಹಣೆ ಬೆವರುತ್ತದೆಯೇ? ನಿದ್ದೆಯಲ್ಲೂ ಉಸಿರು ಜೋರಾಗಿದ್ದು ಪಕ್ಕೆ ಒಳಕ್ಕೆ ಸೆಳೆಯುತ್ತದೆಯೇ? ಅತ್ತಾಗ ತುಟಿ, ನಾಲಿಗೆ, ಉಗುರು ನೀಲಿಯಾಗುತ್ತವೆಯೇ? ತಿಂಗಳು ಕಳೆದರೂ ತೂಕ ಏರುತ್ತಿಲ್ಲವೇ, ಮತ್ತೆ ಮತ್ತೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತಿದೆಯೇ? ಸ್ವಲ್ಪ ದೊಡ್ಡ ಮಗುವಾದರೆ, ಆಡುತ್ತಾ ಆಡುತ್ತಾ ಮಧ್ಯದಲ್ಲಿ ಕುಕ್ಕರಗಾಲಲ್ಲಿ ಕೂತು ದಮ್ಮು ತೆಗೆದುಕೊಳ್ಳುತ್ತದೆಯೇ? ಇವುಗಳಲ್ಲಿ ಒಂದು ಕಂಡರೂ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ದೃಷ್ಟಿಯಾಗಿದೆ, ಬಾಲಗ್ರಹ ಅಂತ ತಾಯತ ಕಟ್ಟಿಸಿ ಅಮಾವಾಸ್ಯೆಯವರೆಗೆ ಕಾಯಬೇಡಿ. ದೃಷ್ಟಿ ತೆಗೆಯಬೇಕು ಅನ್ನಿಸಿದರೆ ತೆಗೆಯಿರಿ, ನಾನು ಬೇಡವೆನ್ನುವುದಿಲ್ಲ, ಆದರೆ ಅದೇ ದಿನ ಆಸ್ಪತ್ರೆಗೂ ಹೋಗಿ. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಹೊಟ್ಟೆಗೆ ಬರೆ ಹಾಕಿಸುವುದು ಇವೆಲ್ಲ ಖಂಡಿತ ಬೇಡ. ಉಸಿರಿಗೇ ಒದ್ದಾಡುವ ಕೂಸಿಗೆ ಬಾಯಿ ತುಂಬ ಔಷಧಿ ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಫ್ಯಾಲೋ ದೋಷವಿರುವ ಕೂಸು ಕೆಲವೊಮ್ಮೆ ಬೆಳಿಗ್ಗೆ ಎದ್ದಾಗಲೋ ಅತ್ತಾಗಲೋ ಕಡುನೀಲಿಯಾಗಿ ಉಸಿರು ಕಟ್ಟಿಕೊಳ್ಳುತ್ತದೆ. ಆಗ ಕಿರುಚಾಡಬೇಡಿ, ನೀರು ಕುಡಿಸಬೇಡಿ. ಕೂಸಿನ ಎರಡು ಮಂಡಿಯನ್ನು ಎದೆಗೆ ಒತ್ತಿ ಹಿಡಿದು, ಹೆಗಲಿಗೆ ಹಾಕಿಕೊಂಡು ಸಮಾಧಾನ ಮಾಡಿ, 108ಕ್ಕೆ ಕರೆ ಮಾಡಿ, ಆಮ್ಲಜನಕ ಬೇಕು ಎಂದು ಫೋನಿನಲ್ಲೇ ಹೇಳಿ.

ಈಗ ವಾಯಿದೆಯ ವಿಷಯ. ಪ್ರತಿಯೊಂದು ದೋಷಕ್ಕೂ ಅದರದೇ ಹೊತ್ತು ಇದೆ. ರಕ್ತನಾಳ ಅದಲು ಬದಲಾದ ಕೂಸಿಗೆ ಹುಟ್ಟಿದ ಎರಡು ಮೂರು ವಾರದೊಳಗೆ ಆಪರೇಷನ್ ಆದರೆ ಒಳ್ಳೆಯದು. ತಡವಾದರೆ ಎಡಗಡೆಯ ಕೋಣೆಯ ಮಾಂಸಖಂಡ ಕಸುವು ಕಳೆದುಕೊಂಡು, ಬದಲಿಸಿದ ಮೇಲೆ ಮೈಗೆಲ್ಲ ರಕ್ತ ತಳ್ಳಲಾರದು. ಕೆಳಕೋಣೆಗಳ ನಡುವೆ ದೊಡ್ಡ ತೂತಿರುವ ಕೂಸಿಗೆ ಸಾಮಾನ್ಯವಾಗಿ ಮೊದಲ ಆರು ತಿಂಗಳ ಆಸುಪಾಸು, ಫ್ಯಾಲೋಗೆ ಆರು ತಿಂಗಳಿಂದ ಒಂದು ವರ್ಷ. ಒಂದೇ ಪಂಪಿನ ಹೃದಯಕ್ಕೆ ಒಂದು ಆಪರೇಷನ್ ಸಾಲದು. ಎಷ್ಟೋ ಕೂಸಿಗೆ ಮೊದಲ ವಾರಗಳಲ್ಲೇ ಒಂದು, ವರ್ಷ ತುಂಬುವ ಮೊದಲು ಇನ್ನೊಂದು, ಮೂರು ನಾಲ್ಕು ವರ್ಷದ ಹೊತ್ತಿಗೆ ಮತ್ತೊಂದು. ಮೊದಲನೆಯದಾದ ಮೇಲೆ ಕೂಸು ಗೆಲುವಾಯಿತು ಅಂತ ಉಳಿದದ್ದನ್ನು ಕೈಬಿಡಬೇಡಿ.

ದೊಡ್ಡ ತೂತನ್ನು ವರ್ಷಗಟ್ಟಲೆ ಬಿಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಎಷ್ಟೋ ಮನೆಯವರು ಮೋಸಹೋಗುವುದು ಇಲ್ಲೇ. ತೂತಿನಿಂದ ಹೆಚ್ಚಿನ ರಕ್ತ ಶ್ವಾಸಕೋಶಕ್ಕೆ ನುಗ್ಗುತ್ತಲೇ ಇರುತ್ತದೆ. ಆ ಒತ್ತಡಕ್ಕೆ ಅಲ್ಲಿನ ನಾಳಗಳ ಗೋಡೆ ದಪ್ಪಗಾಗಿ ಗಡುಸಾಗುತ್ತದೆ. ಆಗ ನ್ಯುಮೋನಿಯಾ ಕಡಿಮೆಯಾಗುತ್ತದೆ, ಉಸಿರಾಟ ಸಲೀಸಾದಂತೆ ಕಾಣುತ್ತದೆ. ‘ನೋಡಿದಿರಾ, ಆಪರೇಷನ್ ಇಲ್ಲದೆಯೇ ಸರಿಹೋಯಿತು’ ಅಂತ ಮನೆಯವರು ಹರಕೆ ತೀರಿಸಲು ಹೊರಡುತ್ತಾರೆ. ಸರಿಹೋಗಿರುವುದಿಲ್ಲ. ಮುಂದೆ ರಕ್ತ ಹಿಮ್ಮುಖವಾಗಿ ಹರಿದು ಮಗು ನೀಲಿಯಾಗುತ್ತದೆ. ಆ ಹಂತಕ್ಕೆ ಬಂದ ಮೇಲೆ ತೂತು ಮುಚ್ಚಿದರೆ ಪ್ರಾಣಕ್ಕೇ ಸಂಚಕಾರ, ಹಾಗಾಗಿ ಡಾಕ್ಟರು ಕೈಚೆಲ್ಲುತ್ತಾರೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಬೇಕು? ಇಲ್ಲಿ ಕೊಡಲಿಯೂ ನಡೆಯುವುದಿಲ್ಲ. ಮೈ ತುಂಬಿಕೊಳ್ಳಲಿ ಅಂತ ಕಾಯುತ್ತೀರಲ್ಲ, ಆ ತೂತು ಇರುವವರೆಗೂ ಮೈ ತುಂಬುವುದಿಲ್ಲ. ಕುಡಿದ ಹಾಲೆಲ್ಲ ಉಸಿರಾಡುವ ಕೆಲಸಕ್ಕೇ ಖರ್ಚಾಗುತ್ತದೆ.

ಅಷ್ಟು ಸಣ್ಣ ಎದೆ ಸೀಳುತ್ತಾರೆಯೇ ಎಂಬ ಭಯ ನಿಮಗಿದೆ. ಇರುವುದೇ. ಆದರೆ ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1944ರ ನವೆಂಬರಿನಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ನೀಲಿ ಕೂಸೊಂದಕ್ಕೆ ಮೊದಲ ಬಾರಿ ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ತಿರುಗಿಸಿ ಕಟ್ಟಿದರು. ಆ ಯೋಚನೆ ಕೊಟ್ಟವರು ಹೆಲೆನ್ ಟಾಸಿಗ್ ಎಂಬ ಹೆಣ್ಣುಮಗಳು. ಕತ್ತರಿ ಹಿಡಿದವರು ಆಲ್ಫ್ರೆಡ್ ಬ್ಲೇಲಾಕ್. ಬ್ಲೇಲಾಕ್ ಹಿಂದೆ ನಿಂತು ಪ್ರತಿ ಹೊಲಿಗೆಗೂ ಹೇಳಿಕೊಟ್ಟವರು ವಿವಿಯನ್ ಥಾಮಸ್. ಕರಿಯ ವರ್ಣದ ಬಡಗಿಯ ಮಗ, ಡಾಕ್ಟರಿಕೆ ಓದಲಾಗದೆ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದವರು. 1954ರಲ್ಲಿ ಮಿನ್ನೆಸೋಟಾದ ವಾಲ್ಟನ್ ಲಿಲೆಹೈ ಅವರು ಮಗುವಿನ ಹೃದಯ ತೆರೆದು ಹೊಲಿಯುವಷ್ಟು ಹೊತ್ತು ಅಪ್ಪನನ್ನೋ ಅಮ್ಮನನ್ನೋ ಪಕ್ಕದ ಮಂಚದಲ್ಲಿ ಮಲಗಿಸಿ, ಅವರ ಹೃದಯದಿಂದಲೇ ಮಗುವಿಗೂ ರಕ್ತ ಹರಿಸಿದರು. ಇವತ್ತು ಆ ಕೆಲಸಕ್ಕೆ ಯಂತ್ರ ಇದೆ. ನೀವು ಮಲಗಬೇಕಾಗಿಲ್ಲ, ಕರೆದ ದಿನ ಹೋದರೆ ಸಾಕು.

ನಮ್ಮವರೇ ಆದ ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿ ಅವರು 1992ರಲ್ಲಿ ಕೋಲ್ಕತ್ತಾದಲ್ಲಿ ಒಂಬತ್ತು ದಿನದ ಕೂಸಿನ ಹೃದಯಕ್ಕೆ ಆಪರೇಷನ್ ಮಾಡಿದರು. ಆಮೇಲೆ ಅವರು ಕಟ್ಟಿದ ನಾರಾಯಣ ಹೃದಯಾಲಯ ಬೆಂಗಳೂರಿನ ಬೊಮ್ಮಸಂದ್ರದಲ್ಲಿದೆ. 2003ರ ಜುಲೈನಲ್ಲಿ, ನಿಂತುಹೋಗಿದ್ದ ದೆಹಲಿ–ಲಾಹೋರ್ ಬಸ್ಸು ಮತ್ತೆ ಓಡಿದಾಗ, ಲಾಹೋರಿನ ಅಪ್ಪ ಅಮ್ಮ ತಮ್ಮ ಪುಟ್ಟ ಮಗಳನ್ನು ಅದರಲ್ಲಿ ಕರೆತಂದು ಅಲ್ಲಿಯೇ ಹೃದಯದ ಆಪರೇಷನ್ ಮಾಡಿಸಿಕೊಂಡು ಹೋದರು. ಗಡಿ ದಾಟಿ, ದೇಶದ ಆ ತುದಿಯಿಂದ ಈ ತುದಿಗೆ. ಅಮ್ಮಸಂದ್ರದಿಂದ ಬೊಮ್ಮಸಂದ್ರ ನಿಮಗೆ ದೂರವೇ? ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತಿದರೆ ಅರ್ಧ ದಿನದೊಳಗೆ ಆಸ್ಪತ್ರೆಯ ಬಾಗಿಲಲ್ಲಿರುತ್ತೀರಿ. ಜಯನಗರದ ಕಡೆ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಇದೆ, ಅದರ ಇನ್ನೊಂದು ಆಸ್ಪತ್ರೆ ಮೈಸೂರಿನಲ್ಲಿದೆ. ವೈಟ್‌ಫೀಲ್ಡ್‌ನಲ್ಲಿ 2001ರಿಂದ ಸತ್ಯಸಾಯಿ ಆಸ್ಪತ್ರೆ ಹಣ ಕೇಳದೆ ಹೃದಯದ ಆಪರೇಷನ್ ಮಾಡುತ್ತಿದೆ.

ಆ ಲಾಹೋರಿನ ಕೂಸು ಹೆಣ್ಣು ಎಂಬುದನ್ನು ಗಮನಿಸಿ. ದೆಹಲಿಯ ಏಮ್ಸ್ ಡಾಕ್ಟರುಗಳು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಆಪರೇಷನ್ ಬೇಕು ಎಂದು ಹೇಳಿಸಿಕೊಂಡ ಗಂಡುಮಕ್ಕಳಲ್ಲಿ ನೂರಕ್ಕೆ 70 ಮಂದಿಗೆ ಅದು ಆಯಿತು, ಹೆಣ್ಣುಮಕ್ಕಳಲ್ಲಿ 44 ಮಂದಿಗೆ ಮಾತ್ರ. ಎದೆಯ ಮೇಲೆ ಗಾಯದ ಗೆರೆ ಉಳಿದರೆ ಮುಂದೆ ಯಾರು ಮದುವೆಯಾಗುತ್ತಾರೆ ಅನ್ನುವ ಮಾತು ನಮ್ಮೂರುಗಳಲ್ಲೂ ಇದೆ. ಬದುಕಿದ್ದರಲ್ಲವೇ ಮದುವೆ? ಮಗನಿಗಾಗಿದ್ದರೆ ಇಷ್ಟು ಯೋಚಿಸುತ್ತಿದ್ದಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ದುಡ್ಡಿನ ಮಾತು. ದಯವಿಟ್ಟು ಮೊದಲ ದಿನವೇ ತೋಟ ಅಡವಿಡಬೇಡಿ, ಕೊಬ್ಬರಿ ದಳ್ಳಾಳಿಯ ಹತ್ತಿರ ಮುಂಗಡಕ್ಕೆ ಕೈಚಾಚಬೇಡಿ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಮಕ್ಕಳ ಹೃದಯದ ಆಪರೇಷನ್ನುಗಳೂ ಅದರಲ್ಲಿವೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲೋ ತುಮಕೂರಿನ ಜಿಲ್ಲಾಸ್ಪತ್ರೆಯಲ್ಲೋ ಬರೆಸಿಕೊಳ್ಳಿ. ನೋಂದಾಯಿತ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರು ಅಂತ ಇರುತ್ತಾರೆ, ಮೊದಲು ಅವರ ಮುಂದೆ ಕೂರಿ. ಹಾಲಿನ ಡೇರಿಯ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆ ಇದೆಯೇ ಎಂದು ಕಾರ್ಯದರ್ಶಿಯನ್ನು ಕೇಳಿ. ಜನನ ಪ್ರಮಾಣಪತ್ರ, ಕೂಸಿನ ಆಧಾರ್, ರೇಷನ್ ಕಾರ್ಡಿಗೆ ಕೂಸಿನ ಹೆಸರು ಸೇರಿಸುವುದು, ಇವನ್ನು ನಾಮಕರಣ ಆಗಲಿ ಅಂತ ತಳ್ಳಬೇಡಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗುತ್ತದೆ.

ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಆರ್‌ಬಿಎಸ್‌ಕೆ ಎಂಬ ಮಕ್ಕಳ ತಪಾಸಣೆಯ ತಂಡ ಬರಬೇಕು. 2013ರಲ್ಲಿ ಶುರುವಾದ ಕಾರ್ಯಕ್ರಮ ಇದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಅವರು ಬರುವ ದಿನ ಕೇಳಿಕೊಂಡು ಮಗುವನ್ನು ಕಳಿಸಿ. ಎದೆಯಲ್ಲಿ ಸದ್ದು ಕೇಳುತ್ತಿದೆ ಎಂದು ಚೀಟಿ ಬರೆದುಕೊಟ್ಟರೆ ಅದನ್ನು ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿ ಮರೆಯಬೇಡಿ. ಸದ್ದೆಲ್ಲ ಕಾಯಿಲೆಯಲ್ಲ, ಎಷ್ಟೋ ಮಕ್ಕಳಲ್ಲಿ ಏನೂ ಇಲ್ಲದೆಯೂ ಕೇಳುತ್ತದೆ. ಎಕೋ ಆದರೆ ಖಚಿತವಾಗುತ್ತದೆ.

ಆಸ್ಪತ್ರೆಗೆ ಹೊರಡುವಾಗ ಜಾತ್ರೆಗೆ ಹೋದಂತೆ ಹದಿನೈದು ಜನ ಹೋಗಬೇಡಿ. ನಾಲ್ಕು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ. ಡಾಕ್ಟರು ಚಿತ್ರ ಬರೆದು ತಿಳಿಸುವಾಗ ಅಪ್ಪ ಅಮ್ಮ ಇಬ್ಬರೂ ಕೂತು ಕೇಳಿ, ಕಾಗದದಲ್ಲಿ ಬರೆದುಕೊಳ್ಳಿ. ಇದೇ ಕೊನೆಯ ಆಪರೇಷನ್ನೇ, ಮುಂದೆ ಇನ್ನೊಂದು ಬೇಕೇ, ಅಪಾಯ ಎಷ್ಟು ಎಂದು ಕೇಳಲು ಸಂಕೋಚ ಬೇಡ. ಹುಡುಗರನ್ನು ಕರೆದೊಯ್ಯುವುದಾದರೆ ರಕ್ತ ಕೊಡುವವರನ್ನು ಕರೆದೊಯ್ಯಿರಿ. ಕೂಸಿಗೆ ಜ್ವರ, ಕೆಮ್ಮು ಇದ್ದರೆ ಮುಚ್ಚಿಡಬೇಡಿ, ದಿನ ಮುಂದೆ ಹೋದರೂ ಚಿಂತೆಯಿಲ್ಲ, ಆ ವಾಯಿದೆಯನ್ನು ಕೊಡಬೇಕಾದವರು ಡಾಕ್ಟರು. ಆಪರೇಷನ್ನಿನಲ್ಲಿ ಅಪಾಯವೇ ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ತೊಡಕಿನ ಹೃದಯಗಳಲ್ಲಿ ಕೆಲವು ಕೂಸುಗಳು ಉಳಿಯುವುದಿಲ್ಲ. ಹಾಗಾದ ಮನೆಯ ತಾಯಿಗೆ ‘ಯಾಕೆ ಕೊಯ್ಯಿಸಿದೆ’ ಅಂತ ಯಾರೂ ಕೇಳಬೇಡಿ. ಅವಳು ಮಾಡಬೇಕಾದ್ದನ್ನೇ ಮಾಡಿದ್ದಾಳೆ.

ಮನೆಗೆ ಬಂದ ಮೇಲೆ ಎದೆಯ ಮೂಳೆ ಕೂಡಿಕೊಳ್ಳಲು ಆರು ವಾರದಷ್ಟು ಬೇಕು. ಅಲ್ಲಿಯವರೆಗೆ ಕೂಸನ್ನು ಕಂಕುಳಿಗೆ ಕೈಹಾಕಿ ಎತ್ತಬೇಡಿ, ತೋಳು ಹಿಡಿದು ಎಳೆಯಬೇಡಿ. ಕತ್ತು ಮತ್ತು ಕುಂಡಿಯ ಕೆಳಗೆ ಕೈಕೊಟ್ಟು ಎತ್ತಿ. ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ವಿಭೂತಿ ಯಾವುದೂ ಬೇಡ. ಕೊಬ್ಬರಿ ಸೀಮೆಯವಳಾಗಿಯೇ ಹೇಳುತ್ತಿದ್ದೇನೆ, ಒಣಗುವವರೆಗೆ ಎಣ್ಣೆ ಬೇಡ. ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ ಅದೇ ದಿನ ಫೋನು ಮಾಡಿ. ಔಷಧಿಯನ್ನು ಚಮಚದ ಅಂದಾಜಿನಲ್ಲಿ ಹಾಕಬೇಡಿ, ಅವರು ಕೊಟ್ಟ ಸಿರಿಂಜಿನಲ್ಲೇ ಅಳೆಯಿರಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡರಷ್ಟು ಕೊಡಬೇಡಿ. ಮೆಡಿಕಲ್ ಶಾಪಿನವರು ಹೇಳಿದರೆಂದು ಬ್ರಾಂಡು ಬದಲಿಸುವ ಮೊದಲು ಆಸ್ಪತ್ರೆಯನ್ನು ಕೇಳಿ. ಚುಚ್ಚುಮದ್ದುಗಳನ್ನು ಯಾವಾಗ ಮುಂದುವರಿಸಬೇಕು ಎಂದು ಕೇಳಿ ತಪ್ಪದೆ ಹಾಕಿಸಿ. ಹಲ್ಲಿನ ಹುಳುಕನ್ನು ಹಾಲುಹಲ್ಲು ತಾನೇ ಅಂತ ಬಿಡುತ್ತೀರಿ. ಈ ಮಕ್ಕಳಲ್ಲಿ ಹುಳುಕಿನ ಸೋಂಕು ರಕ್ತದ ಮೂಲಕ ಹೃದಯದ ಒಳಪದರಕ್ಕೆ ಹತ್ತಬಹುದು. ದಿನಕ್ಕೆರಡು ಸಲ ಹಲ್ಲುಜ್ಜಿಸಿ, ಹಲ್ಲು ಕೀಳಿಸುವ ಮೊದಲು ಹೃದಯದ ಆಪರೇಷನ್ ಆಗಿದೆ ಎಂದು ದಂತವೈದ್ಯರಿಗೆ ಹೇಳಿ.

ಗಾಜಿನ ಬೊಂಬೆಯ ಹಾಗೆ ಮೂಲೆಯಲ್ಲಿ ಕೂರಿಸಬೇಡಿ. ಡಾಕ್ಟರು ಆಡಬಹುದು ಎಂದರೆ ತೋಟದಲ್ಲಿ ಓಡಲಿ, ಶಾಲೆಗೆ ಹೋಗಲಿ. ಸುಸ್ತಾದರೆ ಕೂತುಕೊಳ್ಳಲು ಬಿಡಿ ಎಂದು ಮೇಷ್ಟರಿಗೆ ಮೊದಲೇ ತಿಳಿಸಿ. ಆಪರೇಷನ್ನಿನ ಕಾಗದಗಳನ್ನು, ಎಕೋ ವರದಿಗಳನ್ನು ಒಂದೇ ಫೈಲಿನಲ್ಲಿ ಹಾಕಿ, ಫೋನಿನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ. ಫ್ಯಾಲೋಗೆ ಆಪರೇಷನ್ ಆದವರಿಗೆ ದೊಡ್ಡವರಾದ ಮೇಲೂ ಶ್ವಾಸಕೋಶದ ಕಡೆಯ ಕವಾಟ ಸೋರಬಹುದು, ಆದ್ದರಿಂದ ತಪಾಸಣೆ ಆಯುಷ್ಯವಿಡೀ. ಹೆಣ್ಣುಮಗಳಾದರೆ ಮದುವೆಯ ಮಾತುಕತೆಯಲ್ಲಿ ಮುಚ್ಚಿಡಬೇಡಿ, ಬಸುರಾಗುವ ಮೊದಲು ಹೃದಯದ ಡಾಕ್ಟರನ್ನು ಕಾಣಬೇಕೆಂದು ಅವಳಿಗೂ ಅಳಿಯನಿಗೂ ಹೇಳಿ. ಹದಿನೈದು ಹದಿನಾರಾದಾಗ ಆ ಫೈಲನ್ನು ಮಗುವಿನ ಕೈಗೇ ಕೊಟ್ಟು, ತನ್ನ ಎದೆಯಲ್ಲಿ ಏನು ಕೆಲಸ ಆಗಿದೆ, ಮುಂದಿನ ತಪಾಸಣೆ ಯಾವ ತಿಂಗಳು ಎಂಬುದನ್ನು ಅದರ ಬಾಯಲ್ಲೇ ಹೇಳಿಸಿ.